ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳೋದಾ, ಬೇಡವಾ?

ಪ್ರಶ್ನೆ: ಅಪ್ಪನಿಗೆ 66 ವರ್ಷ. ಬಯಾಪ್ಸಿಯಲ್ಲಿ ಅನ್ನನಾಳದ ಕ್ಯಾನ್ಸರ್ ಎಂದು ಬಂದಿದೆ. ಅವರಿಗೆ ‘ಗಂಟಲಲ್ಲಿ ಹುಣ್ಣು’ ಎಂದಷ್ಟೇ ಹೇಳಿದ್ದೇವೆ. ಮುಂದಿನ ವಾರ ಕೀಮೋ ಶುರು. ನಿಜ ಹೇಳಿದರೆ ಎದೆಯೊಡೆದು ಹೋಗುತ್ತಾರೆ ಎಂದು ಅಮ್ಮ, ಚಿಕ್ಕಪ್ಪ ಪಟ್ಟು ಹಿಡಿದಿದ್ದಾರೆ. ನನಗಂತೂ ರಾತ್ರಿ ನಿದ್ದೆಯಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಅಪ್ಪನಿಗೆ ಈಗಾಗಲೇ ಬಹಳಷ್ಟು ಗೊತ್ತಿರಬಹುದು. ಊರಿನ ಡಾಕ್ಟರು ‘ಕಿದ್ವಾಯಿಗೆ ಹೋಗಿ’ ಎಂದು ಚೀಟಿ ಬರೆದುಕೊಟ್ಟರೆ ಅದರ ಅರ್ಥವೇನೆಂದು ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಓಪಿಡಿ ಬೆಂಚಿನಲ್ಲಿ ಪಕ್ಕ ಕೂತವರ ಮೂಗಿಗೆ ನಳಿಕೆ ಇರುತ್ತದೆ, ಎದುರಿನ ಹೆಂಗಸಿನ ತಲೆಗೆ ಟವೆಲ್ ಸುತ್ತಿರುತ್ತದೆ, ಇನ್ಯಾರೋ ‘ನಿಮ್ದು ಎಷ್ಟನೇ ಕೀಮೋ?’ ಎಂದು ಕೇಳಿಯೇಬಿಡುತ್ತಾರೆ. ಮನೆಯಲ್ಲಾದರೆ ಅವರು ಒಳಗೆ ಬಂದ ಕೂಡಲೇ ಮಾತು ಮಳೆ-ಬೆಳೆ ಕಡೆ ತಿರುಗುತ್ತದೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪನಿಂದ ಮುಚ್ಚಿಡುತ್ತಾರೆ, ಅಪ್ಪ ತನಗೆ ಗೊತ್ತಾಗಿರುವುದನ್ನು ಮಕ್ಕಳಿಂದ ಮುಚ್ಚಿಡುತ್ತಾರೆ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅಳುತ್ತಾರೆ.

ಹಾಗಾಗಿ ‘ಹೇಳೋದಾ ಬೇಡವಾ’ ಎಂದು ನೀವು ಮೂವರು ಕೂತು ತೀರ್ಮಾನಿಸುವ ಬದಲು, ಅವರಿಗೆ ಏನು ಗೊತ್ತಿದೆ, ಎಷ್ಟು ತಿಳಿಯಲು ಇಷ್ಟವಿದೆ ಎಂದು ಅವರನ್ನೇ ಕೇಳಬೇಕು. ಅದೂ ಕೀಮೋಗೆ ಮೊದಲೇ. ಆತುರಕ್ಕೆ ಕಾರಣವಿದೆ.

ಕೀಮೋ ಹಾಕಿದ ಸುಮಾರು 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆ ಹೊತ್ತಿನಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಬೇಕು. ತನಗಿರುವುದು ಬರೀ ಹುಣ್ಣು ಎಂದುಕೊಂಡವರು ಏನು ಮಾಡುತ್ತಾರೆ? ಒಂದು ಡೋಲೋ ನುಂಗಿ, ಕಂಬಳಿ ಹೊದ್ದು, ‘ಬೆಳಿಗ್ಗೆ ನೋಡೋಣ’ ಎಂದು ಮಲಗುತ್ತಾರೆ. ಬೆಳಗಾಗುವಷ್ಟರಲ್ಲಿ ಸೋಂಕು ರಕ್ತಕ್ಕೆ ಏರಿರಬಹುದು. ಇನ್ನು ಕೆಲವರು ಎರಡು ಸಲ ವಾಂತಿಯಾದ ಮೇಲೆ ‘ಹುಣ್ಣಿಗೆ ಇಷ್ಟೆಲ್ಲ ಯಾಕೆ?’ ಎಂದು ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆ. ಅವರ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆಯೇ. ಜೊತೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ.

ಕೆಟ್ಟ ಸುದ್ದಿ ಹೇಳುವುದಕ್ಕೆ ಕ್ಯಾನ್ಸರ್ ವೈದ್ಯರು ಸ್ಪೈಕ್ಸ್ ಎಂಬ ಆರು ಹಂತಗಳ ಕ್ರಮವನ್ನು ಬಳಸುತ್ತಾರೆ, 2000ದಲ್ಲಿ ಪ್ರಕಟವಾದದ್ದು. ಮನೆಯವರಿಗೂ ಅದು ಉಪಯೋಗಕ್ಕೆ ಬರುತ್ತದೆ. ಟಿವಿ ಆರಿಸಿ, ಫೋನ್ ಪಕ್ಕಕ್ಕಿಟ್ಟು, ಅವರ ಸಮಕ್ಕೆ ಕೂರಿ. ನಿಂತುಕೊಂಡು ಹೇಳಬೇಡಿ. ರಾತ್ರಿ ಬೇಡ, ಬೆಳಿಗ್ಗೆ ತಿಂಡಿಯಾದ ಮೇಲೆ ಒಳ್ಳೆಯದು, ಯೋಚಿಸಲು, ಮತ್ತೆ ಕೇಳಲು ಇಡೀ ದಿನ ಸಿಗುತ್ತದೆ. ನಂತರ ಮೊದಲ ಪ್ರಶ್ನೆ:

‘ಅಪ್ಪ, ಇಷ್ಟೆಲ್ಲ ಪರೀಕ್ಷೆ ಮಾಡಿದ್ರಲ್ಲ, ಏನಿರಬಹುದು ಅಂತ ನಿಂಗನ್ಸುತ್ತೆ?’

ಕೇಳಿ ಸುಮ್ಮನಿರಿ. ಕಷ್ಟ ಇರುವುದೇ ಇಲ್ಲಿ. ಹತ್ತು ಸೆಕೆಂಡಿನ ಮೌನ ಹತ್ತು ನಿಮಿಷದಂತೆ ಕಾಣುತ್ತದೆ, ಅದನ್ನು ತುಂಬಿಸಲು ನಾವೇ ಏನೋ ಮಾತಾಡಿಬಿಡುತ್ತೇವೆ. ಅವರು ‘ಆ ದೊಡ್ಡ ಕಾಯಿಲೆನೇ ಅಲ್ವಾ?’ ಎಂದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಏನೂ ಹೇಳದಿದ್ದರೆ ಎರಡನೆಯದನ್ನು ಕೇಳಿ: ‘ರಿಪೋರ್ಟ್ ಬಂದಿದೆ. ಪೂರ್ತಿ ವಿಷಯ ನಿಂಗೇ ಹೇಳ್ಲಾ, ಇಲ್ಲಾ ನಾವೇ ನೋಡ್ಕೊಳೋಣ್ವಾ?’ ‘ನೀವೇ ನೋಡ್ಕೊಳ್ರಪ್ಪಾ’ ಎಂದರೆ ಅದೂ ಉತ್ತರವೇ, ಗೌರವಿಸಿ. ಆದರೆ ಜ್ವರದ ವಿಷಯವನ್ನಂತೂ ಹೇಳಲೇಬೇಕು. ಎರಡು ವಾರ ಬಿಟ್ಟು ಮತ್ತೊಮ್ಮೆ ಕೇಳಿ, ಮನಸ್ಸು ಬದಲಾಗುತ್ತದೆ.

ತಿಳಿಯಬೇಕು ಎಂದರೆ ‘ಸುದ್ದಿ ಅಷ್ಟು ಚೆನ್ನಾಗಿಲ್ಲ ಅಪ್ಪ’ ಎಂದು ಮೊದಲು ಸುಳಿವು ಕೊಟ್ಟು, ಒಂದೇ ಸಣ್ಣ ವಾಕ್ಯದಲ್ಲಿ ಹೇಳಿ. ‘ಗಡ್ಡೆ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ, ಕ್ಯಾನ್ಸರ್ ಅಲ್ಲದ ಗಡ್ಡೆಯೂ ಇರುತ್ತದೆ. ಅತ್ತರೆ ಅಳಲಿ. ಆ ಹೊತ್ತಿನಲ್ಲಿ ‘ಧೈರ್ಯವಾಗಿರು’ ಎನ್ನುವುದು ನಮ್ಮ ಸಮಾಧಾನಕ್ಕೆ. ಕೇಳುವವರಿಗೆ ಅದು ‘ಅಳಬೇಡ, ಸುಮ್ಮನಿರು’ ಎಂದಂತೆ. ಮುಂದಿನ ವಾರ ಏನು ನಡೆಯುತ್ತದೆ ಎಂಬುದನ್ನು ಕೊನೆಗೆ ಹೇಳಿ. ರೇಡಿಯೇಷನ್ ಇದ್ದರೆ ಅದನ್ನೂ ಬಿಡಿಸಿ ಹೇಳಿ. ನಮ್ಮಲ್ಲಿ ಅದಕ್ಕೆ ‘ಕರೆಂಟ್ ಕೊಡೋದು’ ಎನ್ನುವುದರಿಂದ ಶಾಕ್ ಹೊಡೆಯುತ್ತದೆಂದು ಹೆದರುವವರಿದ್ದಾರೆ. ಮಷೀನು ಓಡುವಾಗ ಎಕ್ಸ್‌ರೇ ತೆಗೆದಂತೆ, ಏನೂ ಗೊತ್ತಾಗುವುದಿಲ್ಲ; ಗಂಟಲಿನ ಉರಿ ಒಂದೆರಡು ವಾರವಾದ ಮೇಲೆ ಬರುತ್ತದೆ. ‘ಎಷ್ಟು ದಿನ ಬದುಕ್ತೀನಿ?’ ಎಂದು ಕೇಳಿದರೆ ಅಂದಾಜು ಹೇಳಹೋಗಬೇಡಿ. ‘ಡಾಕ್ಟರ ಹತ್ರ ಒಟ್ಟಿಗೇ ಕೇಳೋಣ’ ಎನ್ನಿ, ಕೇಳಿಯೂ ಕೇಳಿ.

ಚಿಕ್ಕಪ್ಪನ ಜೊತೆ ವಾದ ಮಾಡಬೇಡಿ. ‘ಹೇಳಿದ್ರೆ ಏನಾಗುತ್ತೆ ಅಂತ ಭಯ?’ ಎಂದು ಕೇಳಿ. ಹಿಂದೆ ಮನೆಯಲ್ಲಿ ಯಾರೋ ಕ್ಯಾನ್ಸರಿನಿಂದ ಹೋದದ್ದು ಹಲವು ಸಲ ಆಗ ಹೊರಬರುತ್ತದೆ. ಅವರನ್ನೂ ಅಮ್ಮನನ್ನೂ ಕರೆದುಕೊಂಡು ಆಸ್ಪತ್ರೆಯ ಆಪ್ತಸಮಾಲೋಚಕರನ್ನೋ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನೋ ಒಮ್ಮೆ ಭೇಟಿ ಮಾಡಿ.

ಹೇಳಿದ ಮೇಲೆ ಕೆಲವು ದಿನ ಸಿಟ್ಟು, ಅಳು, ಊಟ ಸೇರದಿರುವುದು ಸಹಜ. ಆಗಾಗ ಒಂದು ಅಳತೆ ಕೇಳಿ: ‘ಸೊನ್ನೆ ಅಂದ್ರೆ ಆರಾಮ, ಹತ್ತು ಅಂದ್ರೆ ತಡೆಯಕ್ಕಾಗಲ್ಲ. ಈ ವಾರ ಮನಸ್ಸಿನ ಸಂಕಟ ಎಷ್ಟು?’ 4 ಅಥವಾ ಹೆಚ್ಚು ಎಂದರೆ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ಕೀಮೋದಲ್ಲಿರುವವರಿಗೆ ಸುಸ್ತು, ಊಟ ಸೇರದಿರುವುದು ಇದ್ದೇ ಇರುತ್ತದೆ, ಅದನ್ನು ನಂಬಿ ಖಿನ್ನತೆ ಎನ್ನಲಾಗದು. ಎರಡು ವಾರ ಬಿಡದೆ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಮೊಮ್ಮಗು ಬಂದರೂ ಮುಖ ಅರಳದಿರುವುದು, ‘ನಿಮ್ಗೆಲ್ಲ ನಾನೊಂದು ಭಾರ’ ಎಂಬ ಮಾತು, ಇವನ್ನು ಗಮನಿಸಿ. ಸಾಯುವ ಮಾತಾಡಿದರೆ ನೇರವಾಗಿಯೇ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ, ಕ್ರಿಮಿನಾಶಕದ ಡಬ್ಬ, ಮಾತ್ರೆಗಳಿಗೆ ಬೀಗ ಹಾಕಿ, ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ.

ಎಲ್ಲ ಚಡಪಡಿಕೆಯೂ ಮನಸ್ಸಿನದ್ದಲ್ಲ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ಕೇಳಿ. ಒಂದೆರಡು ದಿನದಲ್ಲೇ ದಿಢೀರನೆ ಗಲಿಬಿಲಿಯಾಗಿ, ರಾತ್ರಿಯೆಲ್ಲ ಎದ್ದು ಓಡಾಡಿ, ಇಲ್ಲದವರನ್ನು ಕಂಡಂತೆ ಮಾತಾಡಿದರೆ ಅದು ಡೆಲಿರಿಯಂ. ಸೋಂಕು, ಸೋಡಿಯಂ-ಕ್ಯಾಲ್ಸಿಯಂ ಏರುಪೇರು, ಮೂತ್ರ ಕಟ್ಟಿಕೊಳ್ಳುವುದು, ಔಷಧಿ ಕಾರಣವಿರಬಹುದು. ದೃಷ್ಟಿ ತೆಗೆಯುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಮನೋವೈದ್ಯರ ಬಳಿ ಹೋಗುವಾಗ ಕ್ಯಾನ್ಸರ್ ಫೈಲ್ ಕೊಂಡೊಯ್ಯಲೇಬೇಕು. ಉದಾಹರಣೆಗೆ, ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸಿಟಿನ್, ಫ್ಲುಆಕ್ಸಿಟಿನ್ ಎಂಬ ಖಿನ್ನತೆಯ ಮಾತ್ರೆಗಳು ಸರಿಹೊಂದುವುದಿಲ್ಲ. ಅವು ಟಮಾಕ್ಸಿಫೆನ್‌ನ ಕೆಲಸಕ್ಕೆ ಅಡ್ಡಿಯಾಗುತ್ತವೆ.

ಇನ್ನು ನಿಮ್ಮ ನಿದ್ದೆ. ನೋಡಿಕೊಳ್ಳುವವರನ್ನು ‘ನೀವು ಹೇಗಿದ್ದೀರಿ’ ಎಂದು ಯಾರೂ ಕೇಳುವುದಿಲ್ಲ, ಬಂದವರು ಎಳನೀರು ಕೊಟ್ಟು ರೋಗಿಯನ್ನು ನೋಡಿ ಹೋಗುತ್ತಾರೆ. ಅದೇ ಸೊನ್ನೆ-ಹತ್ತರ ಅಳತೆಯನ್ನು ನಿಮಗೂ ಹಾಕಿಕೊಳ್ಳಿ. ಗುಟ್ಟು ಕಾಯುವ ಕೆಲಸ ಕಳಚಿದರೆ ಅರ್ಧ ಭಾರ ಇಳಿದೀತು. ಉಳಿದದ್ದನ್ನು ಹಂಚಿ: ನೆಂಟರ ಫೋನುಗಳಿಗೆಲ್ಲ ಚಿಕ್ಕಪ್ಪ ಉತ್ತರಿಸಲಿ, ಹೇಗಾದರೂ ಅವರಿಗೆ ಮಾತಾಡುವುದು ಇಷ್ಟ. ವಾರದಲ್ಲಿ ಎರಡು ರಾತ್ರಿ ಬೇರೊಬ್ಬರು ಅಪ್ಪನ ಕೋಣೆಯಲ್ಲಿ ಮಲಗಲಿ. ಯಾರಾದರೂ ‘ಏನಾದ್ರೂ ಬೇಕಿದ್ರೆ ಹೇಳಿ’ ಎಂದರೆ ಕೂಡಲೇ ಒಂದು ಕೆಲಸ ಹೇಳಿಬಿಡಿ. ಗುರುವಾರ ಆಸ್ಪತ್ರೆಗೆ ಬಿಡುವುದು, ಎರಡು ಹೊತ್ತಿನ ಸಾರು. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಲು ನೀವು ರೋಗಿಯೇ ಆಗಿರಬೇಕಿಲ್ಲ.