ಆ ಕರ್ಕಶ ಸದ್ದಿನಲ್ಲಿ ಏನಿದೆ?

ಅಮೆರಿಕದ ಟಿವಿಯಲ್ಲಿ ಸುಂಟರಗಾಳಿಯ ಎಚ್ಚರಿಕೆ ಬಂದಾಗ ಮೊದಲು ಮೂರು ಬಾರಿ ಕರ್ಕಶವಾದ ಸದ್ದು ಕೇಳಿಸುತ್ತದೆ. ಹೆಚ್ಚಿನವರು ಅದನ್ನು ಬರೀ ಗದ್ದಲವೆಂದುಕೊಳ್ಳುತ್ತಾರೆ. ಪ್ರಸಾರ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುವ ನಮಗೆ ಎಚ್ಚರಿಕೆಯ ಜೀವ ಇರುವುದೇ ಅದರಲ್ಲಿ. ಎಚ್ಚರಿಕೆ ಕೊಟ್ಟವರು ಯಾರು, ಅಪಾಯ ಯಾವುದು, ಯಾವ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು), ಎಷ್ಟು ಹೊತ್ತಿನವರೆಗೆ ಎಂಬುದೆಲ್ಲ ಸಂಕೇತವಾಗಿ ಅಲ್ಲಿ ಅಡಗಿರುತ್ತದೆ. ‘040027’ ಎಂದು ಬಂದರೆ 40 ಒಕ್ಲಹೋಮ, 027 ಕ್ಲೀವ್‌ಲ್ಯಾಂಡ್ ಕೌಂಟಿ. ಮೊದಲ ಸೊನ್ನೆಯ ಅರ್ಥ ಇಡೀ ಕೌಂಟಿ. ಮೂರು ಬಾರಿಯೂ ಬರುವುದು ಒಂದೇ ಸಂಕೇತ; ಒಂದು ಪ್ರತಿ ಕೆಟ್ಟರೂ ಉಳಿದೆರಡು ತಾಳೆಯಾದರೆ ಎಚ್ಚರಿಕೆ ಸ್ವೀಕರಿಸುವ ಯಂತ್ರಕ್ಕೆ ಸಾಕು. ಮನುಷ್ಯರ ಕಿವಿಗೆಂದೇ ಇರುವುದು ಅದರ ಹಿಂದೆಯೇ ಬರುವ 853 ಮತ್ತು 960 ಹರ್ಟ್ಸ್‌ಗಳ ಜೋಡಿಸ್ವರ, ಕನಿಷ್ಠ 8 ಸೆಕೆಂಡು.

ಯಂತ್ರ ಕೇಳಿದ್ದನ್ನು ನಂಬುತ್ತದೆ. ಈ ಎಚ್ಚರಿಕೆ ವ್ಯವಸ್ಥೆಯನ್ನು 2011ರಲ್ಲಿ ದೇಶದಾದ್ಯಂತ ಪರೀಕ್ಷಿಸಿದಾಗಿನ ಧ್ವನಿಮುದ್ರಣವನ್ನು 2014ರ ಅಕ್ಟೋಬರ್‌ನಲ್ಲಿ ರೇಡಿಯೊ ಕಾರ್ಯಕ್ರಮವೊಂದು ಹಾಕಿದಾಗ, ಹಲವು ರಾಜ್ಯಗಳ ಟಿವಿ ಪರದೆಗಳ ಮೇಲೆ ಇಲ್ಲದ ತುರ್ತು ಸ್ಥಿತಿಯ ಎಚ್ಚರಿಕೆ ಮೂಡಿತು. ಜಾಹೀರಾತಿಗೆ, ತಮಾಷೆಗೆ ಈ ಸದ್ದನ್ನು ಬಳಸುವವರಿಗೆ ಅಮೆರಿಕದ ಸಂವಹನ ಆಯೋಗ ಭಾರಿ ದಂಡ ಹಾಕುವುದು ಸರಿಯಾಗಿಯೇ ಇದೆ.

ನನ್ನನ್ನು ಹೆಚ್ಚು ಕಾಡುವುದು ಕೇಬಲ್. ನಮ್ಮ ಸಿಗ್ನಲ್ಲಿನಲ್ಲಿ ನಾವು ಬರಹದ ಪಟ್ಟಿ ಹರಿಸಿ, ಸುದ್ದಿಯನ್ನು ಮುಂದುವರಿಸುತ್ತೇವೆ. ಕೆಲವು ಕೇಬಲ್ ವ್ಯವಸ್ಥೆಗಳು ಹಾಗಲ್ಲ; ಎಚ್ಚರಿಕೆ ಬಂದ ಕೂಡಲೇ ಸೆಟ್‌ಟಾಪ್ ಬಾಕ್ಸನ್ನು ಬೇರೊಂದು ಚಾನೆಲ್ಲಿಗೆ ಎಳೆದೊಯ್ಯುತ್ತವೆ. ಒಂದು ಸಂಜೆ ನಮ್ಮ ಹವಾಮಾನ ತಜ್ಞೆ ರೇಡಾರ್ ಚಿತ್ರದ ಮೇಲೆ ಬೆರಳಿಟ್ಟು, ಗಾಳಿ ಯಾವ ಬೀದಿಯನ್ನು ದಾಟುತ್ತಿದೆ ಎಂದು ಹೇಳುತ್ತಿದ್ದರು. ವೀಕ್ಷಕಿಯೊಬ್ಬರ ಫೋನ್ ಬಂತು. “ನಮ್ಮ ಬೀದಿಯ ಹೆಸರು ಬರುವಷ್ಟರಲ್ಲಿ ಪರದೆ ಕಪ್ಪಾಯಿತು, ಈಗ ಬರೀ ಅಕ್ಷರ ಕಾಣುತ್ತಿದೆ” ಎಂದರು ಆ ಹೆಂಗಸು. ಕೌಂಟಿಯ ಹೆಸರಷ್ಟೇ ಇದ್ದ ಬರಹ, ಬೀದಿಯ ಹೆಸರು ಹೇಳುವ ಧ್ವನಿಯನ್ನು ನುಂಗಿತ್ತು.

ಇದಕ್ಕೆ ನಿಯಮದಲ್ಲಿಯೇ ದಾರಿಯಿದೆ. ಹವಾಮಾನ ಅಥವಾ ಸುದ್ದಿಯ ತುರ್ತು ಮಾಹಿತಿ ಕೊಡುತ್ತಿರುವ ಕೇಂದ್ರದ ಕಾರ್ಯಕ್ರಮವನ್ನು ರಾಜ್ಯ ಮತ್ತು ಸ್ಥಳೀಯ ಎಚ್ಚರಿಕೆಗಳಿಗಾಗಿ ತಡೆಯುವುದಿಲ್ಲ ಎಂದು ಕೇಬಲ್‌ನವರು ಆ ಕೇಂದ್ರದೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬಹುದು. ರಾಷ್ಟ್ರಮಟ್ಟದ ಎಚ್ಚರಿಕೆಗೆ ಮಾತ್ರ ಈ ವಿನಾಯಿತಿ ಇಲ್ಲ. ಆ ಸಂಜೆಯ ನಂತರ ನಾವು ಒಪ್ಪಂದ ಮಾಡಿಕೊಂಡೆವು. ಆದರೂ ನಿಯಂತ್ರಣ ಕೊಠಡಿಯ ಮೂಲೆಯಲ್ಲಿ ಕೇಬಲ್ ಸಂಪರ್ಕವಿರುವ ಸಣ್ಣ ಟಿವಿಯೊಂದನ್ನು ಇಟ್ಟಿದ್ದೇನೆ. ಮಳೆಗಾಳಿಯ ದಿನ ಎಚ್ಚರಿಕೆ ಹೊರಟಾಗ ನನ್ನ ಕಣ್ಣು ಮೊದಲು ಹೋಗುವುದು ಅದರ ಕಡೆಗೆ.