ಮೂರನೇ ಜೋಡಿಯ 45 ಲಕ್ಷ ಡಾಲರ್

"ಅವನನ್ನ ಬಿಟ್ಟುಬಿಟ್ರೆ ಆಯ್ತಲ್ಲ, ದುಡ್ಡು ಉಳಿಯುತ್ತೆ." ಐಪಿಎಲ್ ನೋಡಿ ಬೆಳೆದು, ಟೊರೊಂಟೊ ಕಡೆ ಹೋಗಿ ನೆಲೆಸಿ, ಎನ್‌ಎಚ್‌ಎಲ್‌ನ ಐಸ್ ಹಾಕಿಗೆ ಮನಸೋತ ನಮ್ಮವರ ಬಾಯಲ್ಲಿ ಪ್ರತಿ ಜೂನ್‌ನಲ್ಲೂ ಬರುವ ಮಾತಿದು. 'ಅವನು' ಎಂದರೆ ಮೂರನೇ ಜೋಡಿಯ, ಅಂದರೆ ತಂಡದ ಆರು ಡಿಫೆನ್ಸ್‌ಮನ್‌ಗಳಲ್ಲಿ (ರಕ್ಷಣಾ ಆಟಗಾರರಲ್ಲಿ) ಕೊನೆಯ ಜೋಡಿಯ, ಕೆಲಸಕ್ಕೆ ಮೀರಿದ ಸಂಬಳದ ಆಟಗಾರ. 2023ರ ನವೆಂಬರ್‌ನಲ್ಲಿ ಆರ್‌ಸಿಬಿ ಹರ್ಷಲ್ ಪಟೇಲ್ ಅವರನ್ನು ಬಿಟ್ಟಾಗ ಅವರ 10.75 ಕೋಟಿ ರೂಪಾಯಿ ಇಡಿಯಾಗಿ ತಂಡದ ಪರ್ಸ್‌ಗೆ ವಾಪಸಾಯಿತು. ಎನ್‌ಎಚ್‌ಎಲ್‌ನಲ್ಲಿ ಹಾಗೆ ಬಿಡುವ ದಾರಿಯೇ ಇಲ್ಲ. ಕರಾರಿಗೆ ಸಹಿ ಬಿದ್ದ ಮೇಲೆ ಆ ಹಣ ಬಹುಮಟ್ಟಿಗೆ ಖಾತ್ರಿ. ಆಟಗಾರ ಬೆಂಚಿನ ಮೇಲೆ ಕೂತರೂ, ಕೆಳಗಿನ ಲೀಗಿಗೆ ಹೋದರೂ, ಬೇರೆ ತಂಡದ ಜೆರ್ಸಿ ಹಾಕಿದರೂ ಅವನ ಕ್ಯಾಪ್ ಹಿಟ್ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯಾದ ಕ್ಯಾಪ್‌ನಲ್ಲಿ ಅವನ ಕರಾರು ವರ್ಷಕ್ಕೆ ಹಿಡಿಯುವ ಜಾಗ) ಯಾವುದೋ ಒಂದು ತಂಡದ ಲೆಕ್ಕದಲ್ಲಿ ಕೂತೇ ಇರುತ್ತದೆ.

ಎರಡನೆಯ ತಪ್ಪು ಇದರ ತಮ್ಮ. "ಒಳ್ಳೇ ಆಟಗಾರನೇ, ಒಂದು ಮೂರನೇ ಸುತ್ತಿನ ಪಿಕ್ ಆದ್ರೂ ಬರುತ್ತೆ." ಅವನನ್ನು ಬೇರೆ ತಂಡಕ್ಕೆ ಕೊಟ್ಟರೆ (ಟ್ರೇಡ್) ಪಿಕ್, ಅಂದರೆ ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸುವ ಸರದಿ, ಸಿಗುತ್ತದೆಂಬ ನಂಬಿಕೆ. ಒಳ್ಳೆಯ ಆಟಗಾರನೇ ಇರಬಹುದು. ರಾತ್ರಿಗೆ 15 ನಿಮಿಷ ಆಡುತ್ತಾನೆ, ಪೆನಾಲ್ಟಿ ಕಿಲ್‌ನಲ್ಲಿ (ಪೆನಾಲ್ಟಿಯಿಂದ ತಂಡಕ್ಕೆ ಒಬ್ಬ ಕಡಿಮೆಯಿರುವಾಗ) ಶಾಟ್‌ಗೆ ಮೈಯೊಡ್ಡುತ್ತಾನೆ. ಆದರೆ ಅದೇ ಕೆಲಸವನ್ನು 10 ಲಕ್ಷ ಡಾಲರ್‌ಗೆ ಮಾಡಿಕೊಡುವವರು ಜುಲೈ ಮೂರನೇ ವಾರದಲ್ಲೂ ಕರಾರಿಲ್ಲದೆ ಸಿಗುತ್ತಾರೆ. ಕೊಳ್ಳುವ ತಂಡ ನೋಡುವುದು ಅವನ ಆಟವನ್ನಷ್ಟೇ ಅಲ್ಲ. ಉಳಿದ ವರ್ಷ ಎಷ್ಟು, ಪ್ರತಿ ವರ್ಷ ತಮ್ಮ ಕ್ಯಾಪ್‌ನಲ್ಲಿ ಎಷ್ಟು ಜಾಗ ತಿನ್ನುತ್ತಾನೆ ಎಂಬುದನ್ನು. 45 ಲಕ್ಷದವನು 10 ಲಕ್ಷದ ಕೆಲಸ ಮಾಡುತ್ತಿದ್ದರೆ ಉಳಿದ 35 ಲಕ್ಷವನ್ನು ಹೊರುವುದಕ್ಕೆ ಅವರು ಕೂಲಿ ಕೇಳುತ್ತಾರೆ. ಪಿಕ್ ನೀವು ಕೊಡಬೇಕು, ಅವರಲ್ಲ.

ಹೀಗೆ ಕೊಟ್ಟವರ ಪಟ್ಟಿ ಉದ್ದವಿದೆ. 2020ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ಒಂದೇ ವರ್ಷ ಬಾಕಿಯಿದ್ದ, 57 ಲಕ್ಷದ ಮಾರ್ಕ್ ಸ್ಟಾಲ್ ಅವರ ಜೊತೆ ಎರಡನೇ ಸುತ್ತಿನ ಪಿಕ್ ಸೇರಿಸಿ ಡೆಟ್ರಾಯಿಟ್‌ಗೆ ಕಳಿಸಿತು. ಬದಲಿಗೆ ಏನೂ ಬರಲಿಲ್ಲ. 2022ರಲ್ಲಿ ಅದೇ ರೇಂಜರ್ಸ್ ಕೇವಲ 25 ಲಕ್ಷದ ಪ್ಯಾಟ್ರಿಕ್ ನೆಮೆತ್ ಅವರನ್ನು ಅರಿಜೋನಾಗೆ ದಾಟಿಸಲು 2025ರ ಎರಡನೇ ಸುತ್ತಿನ ಪಿಕ್ಕನ್ನೂ ಅದರ ಮೇಲೆ ಇನ್ನೊಂದನ್ನೂ ಕೊಟ್ಟಿತು, ಏಕೆಂದರೆ ಎರಡು ವರ್ಷ ಬಾಕಿಯಿತ್ತು. 2023ರ ಫೆಬ್ರವರಿಯಲ್ಲಿ ಒಟ್ಟಾವಾ 45 ಲಕ್ಷದ ನಿಕಿತಾ ಜೈತ್ಸೆವ್ ಜೊತೆ ಎರಡನೇ ಸುತ್ತಿನದೊಂದು, ನಾಲ್ಕನೇ ಸುತ್ತಿನದೊಂದು ಪಿಕ್ ಶಿಕಾಗೊಗೆ ಕೊಟ್ಟಿತು.

ಈಗ ಲೆಕ್ಕಕ್ಕೆ ಬರೋಣ. 31 ವರ್ಷದ ಒಬ್ಬ ಡಿಫೆನ್ಸ್‌ಮನ್, ಕ್ಯಾಪ್ ಹಿಟ್ 45 ಲಕ್ಷ, ಎರಡು ವರ್ಷ ಬಾಕಿ ಎಂದಿಟ್ಟುಕೊಳ್ಳಿ.

ಕೆಳಗಿನ ಲೀಗ್ ಆದ ಎಎಚ್‌ಎಲ್‌ಗೆ ಕಳಿಸಿದರೆ ಕ್ಯಾಪ್‌ನಲ್ಲಿ ಸಿಗುವ ವಿನಾಯಿತಿ ಲೀಗಿನ ಕನಿಷ್ಠ ಸಂಬಳ ಮತ್ತು 3,75,000 ಡಾಲರ್ ಸೇರಿದಷ್ಟು ಮಾತ್ರ. 2025-26ರ ದರದಲ್ಲಿ ಅದು 11.5 ಲಕ್ಷ. ಉಳಿದ 33.5 ಲಕ್ಷ ನಿಮ್ಮ ತಲೆಯ ಮೇಲೇ. ಇದು ತುರ್ತಿನ ಮದ್ದು, ಪರಿಹಾರವಲ್ಲ.

ಬೈಔಟ್ ಎಂದರೆ ಕರಾರನ್ನು ಮುಗಿಸಿ, ಉಳಿದ ಸಂಬಳದ ಮೂರನೇ ಎರಡು ಭಾಗವನ್ನು ಬಾಕಿ ವರ್ಷಗಳ ಎರಡರಷ್ಟು ಕಾಲಕ್ಕೆ ಹಂಚಿ ಕೊಡುವುದು (26 ತುಂಬದವರಿಗೆ ಮೂರನೇ ಒಂದು ಭಾಗ). ನಮ್ಮವನ ಸಂಬಳ ಎರಡೂ ವರ್ಷ ಸಮನಾಗಿದ್ದರೆ 90 ಲಕ್ಷದಲ್ಲಿ 60 ಲಕ್ಷ, ನಾಲ್ಕು ವರ್ಷಕ್ಕೆ, ವರ್ಷಕ್ಕೆ 15 ಲಕ್ಷ. ಮೊದಲ ಎರಡು ವರ್ಷ 30 ಲಕ್ಷ ಜಾಗ ಸಿಗುತ್ತದೆ, ಆಮೇಲೆ ಎರಡು ವರ್ಷ ಊರಲ್ಲೇ ಇಲ್ಲದವನಿಗೆ 15 ಲಕ್ಷ ಕಟ್ಟುತ್ತೀರಿ. ಇಷ್ಟಕ್ಕೆ ನಿಲ್ಲಿಸುವವರು ಮುಗ್ಗರಿಸುವುದು ಸೈನಿಂಗ್ ಬೋನಸ್‌ನಲ್ಲಿ (ಮೂಲ ಸಂಬಳದ ಹೊರತು ಕರಾರಿನಲ್ಲಿ ಬರೆದಿರುವ ಮೊತ್ತ). ಬೋನಸ್ಸಿಗೆ ಬೈಔಟ್ ತಾಗುವುದಿಲ್ಲ. ಅದೇ 45 ಲಕ್ಷದಲ್ಲಿ 30 ಲಕ್ಷ ಬೋನಸ್, 15 ಲಕ್ಷ ಮೂಲ ಸಂಬಳ ಆಗಿದ್ದರೆ ಕಡಿತಕ್ಕೆ ಸಿಗುವುದು ಎರಡು ವರ್ಷದ 30 ಲಕ್ಷ ಮೂಲ ಸಂಬಳ ಮಾತ್ರ. ಅದರ ಮೂರನೇ ಎರಡು ಭಾಗ 20 ಲಕ್ಷ, ನಾಲ್ಕು ವರ್ಷಕ್ಕೆ ತಲಾ 5 ಲಕ್ಷ. ಕ್ಯಾಪ್ ಹಿಟ್ ಮೊದಲ ಎರಡು ವರ್ಷ 35 ಲಕ್ಷ, ನಂತರ ಎರಡು ವರ್ಷ 5 ಲಕ್ಷ. ಹತ್ತು ಲಕ್ಷ ಜಾಗಕ್ಕಾಗಿ ನಾಲ್ಕು ವರ್ಷದ ಬಾಕಿ. ಕರಾರಿನ ವರ್ಷವಾರು ವಿವರ ನೋಡದೆ, ಸರಾಸರಿ ಸಂಖ್ಯೆಯೊಂದನ್ನೇ ಹಿಡಿದು "ಬೈಔಟ್ ಮಾಡಿ" ಎನ್ನುವವರಿಗೆ ದಯವಿಟ್ಟು ಆ ಕೋಷ್ಟಕ ತೆರೆದು ನೋಡಿ ಎಂದಷ್ಟೇ ಹೇಳಬಲ್ಲೆ.

ಮೂರನೆಯದು ರಿಟೆನ್ಷನ್, ಅಂದರೆ ಆಟಗಾರನನ್ನು ಕೊಟ್ಟು ಸಂಬಳದ ಒಂದು ಪಾಲನ್ನು ನೀವೇ ಇಟ್ಟುಕೊಳ್ಳುವುದು. ಮಿತಿ ಅರ್ಧ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಇಟ್ಟುಕೊಂಡ ಪಾಲು ಈ ಸೀಸನ್‌ಗಷ್ಟೇ ಅಲ್ಲ, ಕರಾರು ಮುಗಿಯುವವರೆಗೆ. ಮುಂದಿನ ವರ್ಷ ಮನಸ್ಸು ಬದಲಾಯಿತು ಎಂದು ತೆಗೆಯಲಾಗದು. ಹೊಸ ತಂಡ ಅವನನ್ನು ಬೈಔಟ್ ಮಾಡಿದರೆ ಆ ಹೊರೆಯಲ್ಲೂ ನಿಮ್ಮ ಪಾಲಿರುತ್ತದೆ. ಒಂದು ತಂಡ ಒಮ್ಮೆಗೆ ಇಂಥ ಮೂರು ಕರಾರುಗಳನ್ನಷ್ಟೇ ಹೊರಬಹುದು, ಒಟ್ಟು ಮೊತ್ತ ಕ್ಯಾಪ್‌ನ 15% ದಾಟುವಂತಿಲ್ಲ, 9.55 ಕೋಟಿ ಡಾಲರ್ ಕ್ಯಾಪ್ ಇರುವ 2025-26ರಲ್ಲಿ ಅದು 1.43 ಕೋಟಿಯ ಆಸುಪಾಸು. ಮೊತ್ತದ ಮಿತಿ ಸಾಮಾನ್ಯವಾಗಿ ಯಾರನ್ನೂ ಕಾಡುವುದಿಲ್ಲ, ಮೂರರ ಮಿತಿ ಕಾಡುತ್ತದೆ. ಆರನೇ ಡಿಫೆನ್ಸ್‌ಮನ್‌ಗೆ ಎರಡು ವರ್ಷ ಒಂದು ಜಾಗ ಮೀಸಲಿಟ್ಟರೆ, ಮಾರ್ಚ್‌ನಲ್ಲಿ ನಿಜವಾಗಿ ಬೆಲೆ ಬರುವ ಮೊದಲ ಸಾಲಿನ ಫಾರ್ವರ್ಡ್ ಮಾರುವಾಗ ಆ ಜಾಗ ಇರುವುದಿಲ್ಲ.

ಇಷ್ಟಾದರೂ ನಮ್ಮ ಉದಾಹರಣೆಯಲ್ಲಿ ಅರ್ಧ ಇಟ್ಟುಕೊಂಡರೆ ಒಟ್ಟು ಹೊರೆ 45 ಲಕ್ಷ, ಎರಡೇ ವರ್ಷಕ್ಕೆ. ಬೈಔಟ್‌ನಲ್ಲಿ 60 ಲಕ್ಷ, ನಾಲ್ಕು ವರ್ಷಕ್ಕೆ. 22.5 ಲಕ್ಷಕ್ಕೆ ಅವನನ್ನು ಪಿಕ್ ಕೇಳದೆ ಒಯ್ಯುವ ತಂಡ ಸಿಕ್ಕರೆ, ಮೂರರಲ್ಲಿ ಜಾಗ ಖಾಲಿಯಿದ್ದರೆ, ಬಹುತೇಕ ಸಂದರ್ಭದಲ್ಲಿ ಅದೇ ಸರಿಯಾದ ದಾರಿ. ಮೂರನೇ ತಂಡವನ್ನು ನಡುವೆ ತಂದು ಅರ್ಧದಲ್ಲಿ ಅರ್ಧ ಮಾಡಿಸುವ ಹಳೆಯ ದಾರಿ ಈಗ ಸುಲಭವಿಲ್ಲ. ಹೊಸ ನಿಯಮದಲ್ಲಿ ಎರಡು ರಿಟೆನ್ಷನ್‌ಗಳ ನಡುವೆ ರೆಗ್ಯುಲರ್ ಸೀಸನ್‌ನ 75 ದಿನ ಕಳೆಯಬೇಕು.

ಕೊನೆಯದು ಪಿಕ್ ಸೇರಿಸಿ ಪೂರ್ತಿ ಕೈತೊಳೆದುಕೊಳ್ಳುವುದು. ಪಿಕ್ ಬದಲು ಬೇಡಿಕೆಯಿರುವ ಆಟಗಾರನ ಜೊತೆ ಗಂಟು ಹಾಕಿಯೂ ಕಳಿಸಬಹುದು. 2018ರಲ್ಲಿ ವಾಷಿಂಗ್ಟನ್ ಮಾಡಿದ್ದು ಅದನ್ನೇ: ಗೋಲ್‌ಕೀಪರ್ ಫಿಲಿಪ್ ಗ್ರುಬಾವರ್ ಜೊತೆ 55 ಲಕ್ಷದ ಬ್ರೂಕ್ಸ್ ಓರ್ಪಿಕ್ ಅವರನ್ನೂ ಕೊಲೊರಾಡೊಗೆ ಕೊಟ್ಟು 47ನೇ ಪಿಕ್ ಪಡೆಯಿತು. ಕೊಲೊರಾಡೊ ಓರ್ಪಿಕ್ ಅವರನ್ನು ತಕ್ಷಣ ಬೈಔಟ್ ಮಾಡಿತು, ಅವರು ಕಡಿಮೆ ದರಕ್ಕೆ ವಾಷಿಂಗ್ಟನ್‌ಗೇ ಮರಳಿದರು. ನಷ್ಟ ಕಾಣಿಸಲಿಲ್ಲ, ಆದರೆ ಗ್ರುಬಾವರ್ ಒಬ್ಬರನ್ನೇ ಮಾರಿದ್ದರೆ ಬೆಲೆ ಹೆಚ್ಚು ಬರುತ್ತಿತ್ತು ಎಂಬುದೇ ನನ್ನ ಅಂದಾಜು.

ದಾರಿ ಯಾವುದೇ ಇರಲಿ, ಕೆಲಸ ಕೆಡುವುದು ಬಹುಪಾಲು ಅವಸರದಿಂದ. ಹೊಸಬನಿಗೆ ಸಹಿ ಹಾಕಿಸಿ, ಆಮೇಲೆ ಜಾಗ ಮಾಡಲು ಹೊರಟರೆ ಉಳಿದ 31 ತಂಡಗಳಿಗೂ ನಿಮ್ಮ ಇಕ್ಕಟ್ಟು ಗೊತ್ತಾಗಿರುತ್ತದೆ. 2019ರಲ್ಲಿ ಟೊರೊಂಟೊಗೆ ಮಿಚ್ ಮಾರ್ನರ್ ಕರಾರಿಗೆ ಜಾಗ ಬೇಕು ಎಂಬುದು ಗುಟ್ಟಾಗಿರಲಿಲ್ಲ. ಪ್ಯಾಟ್ರಿಕ್ ಮಾರ್ಲೋ ಅವರ ಒಂದೇ ಒಂದು ವರ್ಷವನ್ನು ಕ್ಯಾರೊಲೈನಾಗೆ ದಾಟಿಸಲು ಮೊದಲ ಸುತ್ತಿನ ಪಿಕ್ ಹೋಯಿತು. ಮಾರ್ಲೋ ಫಾರ್ವರ್ಡ್, ಆದರೆ ಪಾಠ ಅದೇ. ಕ್ಯಾರೊಲೈನಾ ಆ ಪಿಕ್ಕಿನಲ್ಲಿ ಸೆತ್ ಜಾರ್ವಿಸ್ ಅವರನ್ನು ಆರಿಸಿತು. ಬೇಸಿಗೆಯಲ್ಲಿ ಕ್ಯಾಪ್‌ಗಿಂತ 10% ಮೇಲಿರಲು ಅನುಮತಿಯಿದೆ, ಸೀಸನ್ ಶುರುವಾಗುವ ಹೊತ್ತಿಗೆ ಇಳಿದರೆ ಸಾಕು. ಜುಲೈ 1ಕ್ಕೇ ಬೆವರಬೇಕಿಲ್ಲ. ಬದಲಿಗೆ ಆ ದಿನ ಬೋನಸ್ ಕಟ್ಟಿ ಮುಗಿಸಿ ಮಾತಿಗೆ ಕೂತರೆ, ಕೊಳ್ಳುವವರಿಗೆ ಆ ವರ್ಷ ಕೈಯಿಂದ ಹೋಗುವುದು ಮೂಲ ಸಂಬಳ ಮಾತ್ರ. ಕ್ಯಾಪ್ ಜಾಗವಿದ್ದೂ ನಗದಿಗೆ ಕೈಹಿಡಿತವಿರುವ ತಂಡಕ್ಕೆ 45 ಲಕ್ಷದ ಕ್ಯಾಪ್ ಹಿಟ್ 15 ಲಕ್ಷದ ಖರ್ಚಿನಂತೆ ಕಾಣುತ್ತದೆ, ಕೇಳುವ ಕೂಲಿ ಇಳಿಯುತ್ತದೆ.

ಮಾರ್ಚ್‌ನ ಟ್ರೇಡ್ ಗಡುವಿನವರೆಗೆ ಕಾಯುವುದೂ ಒಂದು ಲೆಕ್ಕವೇ. ಕ್ಯಾಪ್ ದಿನದ ಲೆಕ್ಕದಲ್ಲಿ ಸಾಗುತ್ತದೆ. ಸುಮಾರು 190 ದಿನದ ಸೀಸನ್‌ನಲ್ಲಿ 40 ದಿನ ಉಳಿದಿದ್ದರೆ 45 ಲಕ್ಷದವನು ಕೊಳ್ಳುವವರಿಗೆ ಸುಮಾರು 9.5 ಲಕ್ಷಕ್ಕೆ ಬರುತ್ತಾನೆ. ಆದರೆ ಇದು ಕರಾರಿನ ಕೊನೆಯ ವರ್ಷದವನಿಗೆ ಮಾತ್ರ ಹೊಂದುವ ಮಾತು. ಇನ್ನೊಂದು ವರ್ಷ ಬಾಕಿಯಿದ್ದರೆ ಆ ವರ್ಷದ ಪೂರ್ತಿ ಭಾರ ಅವರ ಕಣ್ಣಿಗೆ ಕಂಡೇ ಕಾಣುತ್ತದೆ.

ಫೋನ್ ಎತ್ತುವ ಮೊದಲು ಕರಾರಿನ ಷರತ್ತು ಓದಿ. ನೋ-ಮೂವ್‌ಮೆಂಟ್ ಇದ್ದರೆ ಅವನ ಒಪ್ಪಿಗೆಯಿಲ್ಲದೆ ಟ್ರೇಡೂ ಇಲ್ಲ, ವೇವರ್ಸೂ (ಬೇಕಾದ ತಂಡ ಕರಾರು ಸಮೇತ ಎತ್ತಿಕೊಳ್ಳಲಿ ಎಂದು ಆಟಗಾರನನ್ನು ಮುಂದಿಡುವುದು) ಇಲ್ಲ. ಬರೀ ನೋ-ಟ್ರೇಡ್, ಅಂದರೆ ಇಂತಿಂಥ ತಂಡಗಳಿಗೆ ಟ್ರೇಡ್ ಬೇಡವೆಂಬ ಪಟ್ಟಿ, ಇದ್ದರೆ ವೇವರ್ಸ್‌ಗೆ ಅಡ್ಡಿಯಿಲ್ಲ. 2024ರ ಜೂನ್‌ನಲ್ಲಿ ರೇಂಜರ್ಸ್ ಬಾರ್ಕ್ಲೇ ಗುಡ್ರೋ ಅವರನ್ನು ವೇವರ್ಸ್‌ಗೆ ಹಾಕಿತು. ಮರುದಿನ ಸ್ಯಾನ್ ಹೋಸೆ ಅವರ 36 ಲಕ್ಷ ಚಿಲ್ಲರೆಯ ಕರಾರನ್ನು ಇಡಿಯಾಗಿ ಎತ್ತಿಕೊಂಡಿತು. ರೇಂಜರ್ಸ್ ಒಂದು ಪಿಕ್ಕನ್ನೂ ಕೊಡಬೇಕಾಗಲಿಲ್ಲ. ನಿಯಮದಲ್ಲಿ ತಪ್ಪಿಲ್ಲ. ಆದರೆ ಹೆಂಡತಿ ಮಕ್ಕಳ ಜೊತೆ ಊರಲ್ಲಿ ಬೇರುಬಿಟ್ಟವನಿಗೆ, ತಾನು ಬೇಡವೆಂದ ಊರುಗಳ ಪಟ್ಟಿಯನ್ನು ಬಳಸುದಾರಿಯಿಂದ ದಾಟಿಸಿದರೆ ಡ್ರೆಸಿಂಗ್ ರೂಮಿನಲ್ಲಿ ಉಳಿದವರೂ ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಏಜೆಂಟ್‌ಗೆ ಮೊದಲೇ ಫೋನ್ ಮಾಡಿ ಮಾತಾಡಿದರೆ ಪಟ್ಟಿ ಎಷ್ಟೋ ಸಲ ತಾನಾಗಿ ಸಡಿಲವಾಗುತ್ತದೆ.

ಇನ್ನೊಂದು ಮಾತು, ಪಿಕ್ ಕೊಡುವ ಮೊದಲು. 2020ರಿಂದ 2022ರವರೆಗೆ ಕ್ಯಾಪ್ 8.15 ಕೋಟಿಯಲ್ಲೇ ನಿಂತಿತ್ತು, ಎಲ್ಲರಿಗೂ ಜಾಗದ ಬರ. ಮೇಲೆ ಹೇಳಿದ ಬೆಲೆಗಳಲ್ಲಿ ಹೆಚ್ಚಿನವು ಆ ಬರಗಾಲದ್ದೋ ಅದರ ಬೆನ್ನಿಗೆ ಬಂದ ದಿನಗಳದ್ದೋ. 2024-25ರಲ್ಲಿ 8.8 ಕೋಟಿ, 2025-26ರಲ್ಲಿ 9.55 ಕೋಟಿ, ಅದೇ 45 ಲಕ್ಷ ಮೊದಲಿನಷ್ಟು ಭಾರವಿಲ್ಲ. ಆ ಕಾಲದ ಕೂಲಿಯನ್ನು ಇವತ್ತು ಕೇಳಿದರೆ ಒಪ್ಪಬೇಕಿಲ್ಲ. ಜೊತೆಗೆ ಅವನ ಆಟ ಹಾಳಾಗಿದ್ದು ಅವನಿಂದಲೋ, ಪಕ್ಕದ ಜೊತೆಗಾರನಿಂದಲೋ, ಎಡಗೈ ಆಟಗಾರನನ್ನು ಬಲಬದಿಗೆ ಹಾಕಿದ್ದರಿಂದಲೋ ಎಂದು ಹತ್ತು ಪಂದ್ಯ ಬದಲಿಸಿ ನೋಡಬೇಕು. 2021ರ ಜುಲೈನಲ್ಲಿ ಫಿಲಡೆಲ್ಫಿಯಾ 45 ಲಕ್ಷದ ಶೇನ್ ಗೋಸ್ಟಿಸ್‌ಬೇರ್ ಅವರನ್ನು ಎರಡನೇ ಮತ್ತು ಏಳನೇ ಸುತ್ತಿನ ಪಿಕ್‌ಗಳ ಸಮೇತ ಅರಿಜೋನಾಗೆ ಕೊಟ್ಟು, ಬದಲಿಗೆ ಏನನ್ನೂ ಪಡೆಯಲಿಲ್ಲ. ಮುಂದಿನ ಸೀಸನ್‌ನಲ್ಲಿ ಅವರು 82 ಪಂದ್ಯವೂ ಆಡಿ 14 ಗೋಲು, ಒಟ್ಟು 51 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೀಡಿದ ನೆರವು ಸೇರಿ) ಗಳಿಸಿದರು. 2023ರ ಮಾರ್ಚ್‌ನಲ್ಲಿ ಅದೇ ಕರಾರಿನ ಕೊನೆಯ ವಾರಗಳಿಗಾಗಿ ಕ್ಯಾರೊಲೈನಾ ಅರಿಜೋನಾಗೆ ಮೂರನೇ ಸುತ್ತಿನ ಪಿಕ್ ಕೊಟ್ಟು ಅವರನ್ನು ಕರೆದೊಯ್ದಿತು.