ಹೀಗೇ, ಇಲ್ಲೇ ಸ್ವಲ್ಪ

ಚಪ್ಪಲಿ ಮೆಟ್ಟಿಕೊಂಡು ಗೇಟು ತೆಗೆಯುವಷ್ಟರಲ್ಲಿ ಪಕ್ಕದ ಮನೆಯವರು ಕೇಳುತ್ತಾರೆ: "ದೂರ ಹೊರಟ್ರಾ?" ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂದು ಹಿರಿಯರು ರೂಢಿಸಿದ ಬಳಸುಮಾತು ಅದು. ಉತ್ತರವೂ ಅಷ್ಟೇ ಬಳಸು: "ಹೀಗೇ, ಇಲ್ಲೇ ಸ್ವಲ್ಪ." ಎಲ್ಲಿಗೆ, ಯಾಕೆ, ಯಾವಾಗ ವಾಪಸ್ಸು, ಒಂದೂ ಅದರಲ್ಲಿಲ್ಲ. ಆದರೂ ಕೇಳಿದವರಿಗೆ ಸಮಾಧಾನ, "ಹೋಗ್ಬನ್ನಿ" ಎಂದು ಒಳಗೆ ಹೋಗುತ್ತಾರೆ. ಸುದ್ದಿಗಾಗಿ ಅಲ್ಲದೆ ನಂಟಿಗಾಗಿ ಆಡುವ ಇಂಥ ಮಾತನ್ನು ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲೇ ಗುರುತಿಸಿದ್ದರು.

"ಸಂಬಳ ಎಷ್ಟು ಬರುತ್ತೆ?", "ಇನ್ನೂ ಏನೂ ವಿಶೇಷ ಇಲ್ವಾ?", "ನೀವು ಯಾವ ಪೈಕಿ?" ಎಂದಾಗ ಮಾತ್ರ ಆ ಜಾಣ್ಮೆ ಕೈಕೊಡುತ್ತದೆ. ಬೇಡವೆಂದುಕೊಂಡಿದ್ದೇ ಬಾಯಿಂದ ಉದುರಿರುತ್ತದೆ. ನಾವು ಇದನ್ನು ದಾಕ್ಷಿಣ್ಯದ ಲೆಕ್ಕಕ್ಕೆ ಹಾಕುತ್ತೇವೆ. ಅರ್ಧ ತಪ್ಪು ಗಡಿಯಾರದ್ದು.

ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಭಾಷೆಗಳ ಸಹಜ ಸಂಭಾಷಣೆಯನ್ನು ಅಳೆದರು. ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದರಲ್ಲೊಂದು ಭಾಗ. ಚಿತ್ರವೊಂದನ್ನು ನೋಡಿ ಅದರ ಹೆಸರು ಹೇಳುವುದಕ್ಕೇ ಮಿದುಳಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಹಾಗಾಗಿ ಪ್ರಶ್ನೆ ಮುಗಿಯುವ ಮೊದಲೇ ನಾವು ಉತ್ತರ ಕಟ್ಟುತ್ತಿರುತ್ತೇವೆ, ಆಗ ಮೊದಲು ಕೈಗೆ ಸಿಗುವುದು ನಿಜ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ: ನೇರ ಉತ್ತರ ಬೇಗ ಬರುತ್ತದೆ, ಉತ್ತರವಲ್ಲದ ಉತ್ತರ ತಡವಾಗಿ ಬರುತ್ತದೆ. ಕೇಳಿದವರ ಕಿವಿಗೆ ಆ ತಡವೇ ಒಂದು ಸುದ್ದಿ. "ಅಂ... ಅದು..." ಎಂದಿರೋ, ಅಲ್ಲೇನೋ ಇದೆ ಎಂದು ಗೊತ್ತಾಗಿಹೋಯಿತು.

ಆದ್ದರಿಂದ ಮೊದಲ ಕೆಲಸ ಮನೆಯಲ್ಲೇ ಆಗಬೇಕು. ನಿಮಗೆ ಸಾಮಾನ್ಯವಾಗಿ ಎದುರಾಗುವ ಎರಡು ಮೂರು ಪ್ರಶ್ನೆಗೆ ಒಂದೊಂದು ವಾಕ್ಯ ಮಾಡಿಟ್ಟುಕೊಂಡು, ತಡವರಿಸದೆ ಬರುವ ತನಕ ಬಾಯಿಬಿಟ್ಟು ಹೇಳಿ ನೋಡಿ.

ಆ ವಾಕ್ಯ ಹೇಗಿರಬೇಕು? "ಅದನ್ನ ಹೇಳಲ್ಲ" ಎಂಬ ನೇರ ನಿರಾಕರಣೆ ದುಬಾರಿ. ಲೆಸ್ಲಿ ಜಾನ್, ಕೇಟ್ ಬರಾಸ್, ಮೈಕೆಲ್ ನಾರ್ಟನ್ 2016ರಲ್ಲಿ ತೋರಿಸಿದಂತೆ, ಉತ್ತರ ಮುಚ್ಚಿಟ್ಟವರನ್ನು ಜನ ತಮ್ಮ ಕೆಟ್ಟ ಚಾಳಿಯನ್ನು ಒಪ್ಪಿಕೊಂಡವರಿಗಿಂತಲೂ ಕಡೆಯಾಗಿ ಕಂಡರು. ಬ್ರಾಡ್‌ಫರ್ಡ್ ಬಿಟರ್ಲಿ ಮತ್ತು ಮಾರಿಸ್ ಶ್ವೈಟ್ಜರ್ 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಿರಾಕರಿಸಿದವರಿಗಿಂತ ಪ್ರಶ್ನೆಗೆ ಪ್ರಶ್ನೆ ಹಾಕಿ ತಪ್ಪಿಸಿಕೊಂಡವರೇ ಹೆಚ್ಚು ನಂಬಿಕಸ್ಥರಾಗಿಯೂ ಇಷ್ಟವಾಗುವವರಾಗಿಯೂ ಕಂಡರು. ಕೆಲಸದ ಸಂದರ್ಶನದಲ್ಲಿ ಹಿಂದಿನ ಸಂಬಳ ಕೇಳಿದರೆ "ಈ ಹುದ್ದೆಗೆ ನೀವು ಎಷ್ಟರವರೆಗೆ ಯೋಚಿಸಿದ್ದೀರಿ ಸರ್?" ಎನ್ನುವುದು ಇದೇ ದಾರಿ. ಸುಳ್ಳು ಅಂಕಿ ಮಾತ್ರ ಬೇಡ, ಪೇ ಸ್ಲಿಪ್ ಕೇಳಿದ ದಿನ ಬಣ್ಣ ಬಯಲಾಗುತ್ತದೆ.

ಮನೆಮಂದಿಯ ಮುಂದೆ ಇದಕ್ಕೆರಡು ಭಾಗ: ಒಂದು ಚುಟುಕು ಉತ್ತರ, ಬೆನ್ನಿಗೇ ಅವರದೇ ವಿಷಯದ ಪ್ರಶ್ನೆ. "ಇದ್ರೆ ನಾವೇ ಹೇಳ್ತೀವಿ ಅತ್ತೆ. ನಿಮ್ಮ ಮಂಡಿನೋವು ಈಗ ಹೇಗಿದೆ?" ಎರಡರ ನಡುವೆ ಉಸಿರು ತೆಗೆದುಕೊಂಡರೆ ಕೆಟ್ಟಿತು, ಆ ಸಂದಿಯಲ್ಲೇ ಮುಂದಿನ ಪ್ರಶ್ನೆ ನುಗ್ಗುತ್ತದೆ. ಮಂಡಿನೋವೇ ಯಾಕೆ ಎಂದರೆ, ಅದಕ್ಕೆ ಒಂದು ಪದದ ಉತ್ತರ ಯಾರೂ ಕೊಟ್ಟಿಲ್ಲ.

ಇನ್ನೊಂದು ದಾರಿ, ಪಕ್ಕದ ಪ್ರಶ್ನೆಗೆ ಉತ್ತರಿಸುವುದು. ಟಾಡ್ ರಾಜರ್ಸ್ ಮತ್ತು ನಾರ್ಟನ್ 2011ರಲ್ಲಿ ಕಂಡುಕೊಂಡಂತೆ, ಕೇಳಿದ ವಿಷಯಕ್ಕೆ ಹತ್ತಿರದ ಉತ್ತರ ಕೊಟ್ಟರೆ ಕೇಳುಗರಿಗೆ ತಪ್ಪಿಸಿದ್ದೇ ಗೊತ್ತಾಗುವುದಿಲ್ಲ, ತೀರಾ ದೂರ ಹಾರಿದರೆ ಸಿಕ್ಕಿಬೀಳುತ್ತೇವೆ. ಸಂಬಳ ಕೇಳಿದ ಮಾವನಿಗೆ ಬೆಂಗಳೂರಿನ ಮನೆ ಬಾಡಿಗೆಯ ಕಥೆ ಒಗ್ಗುತ್ತದೆ, ಕ್ರಿಕೆಟ್ ಒಗ್ಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕಾರಣ ಕೊಡುವಲ್ಲಿ. "ಡಾಕ್ಟ್ರು ಆರು ತಿಂಗಳು ಬೇಡ ಅಂದಿದ್ದಾರೆ" ಎಂದರೆ "ಯಾವ ಡಾಕ್ಟ್ರು? ಏನಂತೆ?" ಎನ್ನುತ್ತಾರೆ. "ಲೋನ್ ಇದೆ" ಎಂದರೆ "ಎಷ್ಟಿದೆ?" ಕೊಟ್ಟ ಕಾರಣಕ್ಕೆಲ್ಲ ಪರಿಹಾರ ಹುಡುಕುವುದು ಕೇಳಿದವರ ಧರ್ಮವಾಗುತ್ತದೆ, ಹರಕೆಯಿಂದ ಹಿಡಿದು ಕಷಾಯದ ತನಕ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನ ಪ್ರಕಾರ ವಯಸ್ಕರಲ್ಲಿ ಸುಮಾರು ಆರಕ್ಕೊಬ್ಬರು ಬದುಕಿನಲ್ಲೊಮ್ಮೆ ಬಂಜೆತನದ ಸಮಸ್ಯೆ ಎದುರಿಸುತ್ತಾರೆ. 'ವಿಶೇಷ' ಕೇಳುವವರಿಗೆ ತಾವು ಏನನ್ನು ಕೆದಕುತ್ತಿದ್ದೇವೆಂದು ತಿಳಿದಿರುವುದು ಅಪರೂಪ. ಕಾರಣವಿಲ್ಲದ ವಾಕ್ಯದಲ್ಲಿ ಕೆದಕಲು ಏನೂ ಸಿಗುವುದಿಲ್ಲ.

'ಯಾವ ಪೈಕಿ' ಎಂಬುದು ಬೇರೆ ಜಾತಿಯ ಪ್ರಶ್ನೆ. ಅಲ್ಲಿ ಬಳಸುದಾರಿ ಹಿಡಿದಿರುವುದು ಕೇಳುವವರೇ: ಮೊದಲು ಊರು, ಆಮೇಲೆ ಮನೆದೇವರು, ಕಡೆಗೆ ಊಟ. ತಪ್ಪಿಸಿದಷ್ಟೂ ಸುತ್ತು ಬರುತ್ತಾರೆ. ಆದ್ದರಿಂದ ನಗುನಗುತ್ತಲೇ "ಯಾಕೆ ಕೇಳಿದ್ರಿ?" ಎನ್ನುವುದು ವಾಸಿ. ಬಾಡಿಗೆ ಮನೆಯವರು "ಮನೇಲಿ ಮಾಂಸ ಮಾಡಬಾರದು, ಅದಕ್ಕೇ" ಎಂದರೆ, ಅದೊಂದಕ್ಕೆ ಉತ್ತರಿಸಿದರೆ ಸಾಕು. ಕ್ರಿಯಾಪದದ ಕಾಲ ಮಾತ್ರ ತಪ್ಪಬಾರದು. "ಕೇಳಿದ್ರಿ" ವಿಚಾರಣೆ, "ಯಾಕೆ ಕೇಳ್ತೀರಾ?" ಜಗಳ. "ಅಯ್ಯೋ, ಯಾಕ್ ಕೇಳ್ತೀರಾ" ಎಂದು ರಾಗ ಎಳೆದರಂತೂ ಎಲ್ಲ ಹೇಳಿಕೊಳ್ಳುವ ಪೀಠಿಕೆ.

ಮತ್ತೆ ಅದೇ ಕೇಳಿದರೆ ಅದೇ ವಾಕ್ಯ, ಅದೇ ದನಿ. ಹೊಸ ಮಾತು ಹುಡುಕಿದರೆ ಹೊಸ ಎಳೆ ಸಿಕ್ಕಂತೆ. ಮೂರನೇ ಸಲಕ್ಕೆ, ದನಿ ತಗ್ಗಿಸಿ, "ಆ ಮಾತು ಬೇಡ ಅತ್ತೆ, ಬೇಜಾರು ಮಾಡ್ಕೋಬೇಡಿ." ಇದನ್ನು ನಾಲ್ಕು ಜನರ ಮುಂದೆ ಹೇಳಬಾರದು, ಅವರ ಮುಖವೂ ಉಳಿಯಬೇಕು.

ಛತ್ರದ ಪಂಕ್ತಿಯಲ್ಲಿ ಇದೆಲ್ಲ ಕಷ್ಟ. ಎಡಬಲದಲ್ಲಿ ನೆಂಟರು, ಎಲ್ಲರ ಊಟ ಮುಗಿಯದೆ ಏಳುವಂತಿಲ್ಲ. ಆದರೆ 200 ಮಿಲಿಸೆಕೆಂಡಿನ ಗಡಿಯಾರ ನಿಲ್ಲುವುದೂ ಅಲ್ಲೇ: ಬಾಯಲ್ಲಿ ಅನ್ನವಿದ್ದಾಗ ತಡವಾದರೆ ಯಾರೂ ಅರ್ಥ ಹುಡುಕುವುದಿಲ್ಲ. "ಅಂದಹಾಗೆ..." ಎಂದು ಪಕ್ಕದವರು ಇತ್ತ ತಿರುಗಿದೊಡನೆ ಒಂದು ದೊಡ್ಡ ತುತ್ತು ಇಟ್ಟುಕೊಳ್ಳಿ. ಅಗಿದು ನುಂಗುವಷ್ಟರಲ್ಲಿ ಸಾರಿನ ಬಕೀಟು ನಿಮ್ಮ ಎಲೆಯ ಮುಂದೆ ಬಂದು ನಿಂತಿರುತ್ತದೆ.